‘ನೂರು ವರ್ಷಕ್ಕೊಮ್ಮೆ’ ಎಂಬ ಮಳೆಯ ಲೆಕ್ಕ

ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿಯ ಸನ್ನಿಧಿಗೆ ಮಳೆಗಾಲದಲ್ಲಿ ಕುಬ್ಜಾ ನದಿ ತಾನಾಗಿಯೇ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ನದಿ ಉಕ್ಕಿ ಗರ್ಭಗುಡಿಯನ್ನು ಹೊಕ್ಕು ದೇವಿಗೆ ಸ್ನಾನ ಮಾಡಿಸುತ್ತದೆ ಎಂಬುದು ತಲೆತಲಾಂತರದಿಂದ ಬಂದ ನಂಬಿಕೆ. ಬೇರೆಡೆ ನೀರು ಒಳನುಗ್ಗಿದರೆ ಜನ ಸಾಮಾನು ಹೊತ್ತು ಓಡುತ್ತಾರೆ, ಇಲ್ಲಿ ಕೈಮುಗಿಯುತ್ತಾರೆ.

ಭಕ್ತಿಯ ಮಾತು ಭಕ್ತರಿಗಿರಲಿ. ಆ ಗರ್ಭಗುಡಿಯ ನೆಲವನ್ನು ಒಂದು ಅಳತೆಗೋಲೆಂದು ಭಾವಿಸಿದರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಕುಬ್ಜೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಏರುವ ಮಟ್ಟ ಎಷ್ಟೆಂಬುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಗುರುತಿಸಿಟ್ಟಂತಾಗಿದೆ. ಹಾಗಾದರೆ ಹತ್ತು ವರ್ಷಕ್ಕೊಮ್ಮೆ ಏರುವ ಮಟ್ಟ ಎಲ್ಲಿದೆ? ಐವತ್ತು ವರ್ಷಕ್ಕೊಮ್ಮೆ ಏರುವುದು ಎಲ್ಲಿಯವರೆಗೆ? ಅದನ್ನು ಯಾರೂ ಕಲ್ಲಿನಲ್ಲಿ ಗುರುತಿಸಿಲ್ಲ. ಆದರೆ ನಮ್ಮ ಮೋರಿ, ಸೇತುವೆ, ಕಿಂಡಿ ಅಣೆಕಟ್ಟು, ಶಾಲೆ, ಅಂಗನವಾಡಿಗಳೆಲ್ಲ ನಿಂತಿರುವುದು ಆ ಮಟ್ಟ ಎಲ್ಲಿರಬಹುದೆಂಬ ಒಂದು ಅಂದಾಜಿನ ಮೇಲೆಯೇ. ಆ ಅಂದಾಜನ್ನು ಯಾರು, ಎಲ್ಲಿಯ ಮಳೆಯನ್ನು ಆಧರಿಸಿ, ಹೇಗೆ ಮಾಡುತ್ತಾರೆಂಬುದು ಊರಿನವರಿಗೆ ತಿಳಿದಿರಬೇಕು ಎಂಬ ಕಾರಣಕ್ಕೆ ಈ ಸಲದ ಸಂಪಾದಕೀಯವನ್ನು ಲೆಕ್ಕಕ್ಕೇ ಮೀಸಲಿಟ್ಟಿದ್ದೇವೆ. ಗಣಿತವೆಂದರೆ ಹೆದರುವವರು ದಯವಿಟ್ಟು ಪುಟ ಮಗುಚಬೇಡಿ. ಕೂಡುವುದು, ಭಾಗಿಸುವುದು ಬಂದರೆ ಸಾಕು.

ಎರಡು ಮಳೆಗಳನ್ನು ನೆನಪಿಸಿಕೊಳ್ಳೋಣ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯ ಸರಾಸರಿ ಮಳೆಯೇ ಒಂದು ದಿನಕ್ಕೆ 300 ಮಿ.ಮೀ. ದಾಟಿತು. ಒಂದು ಊರಿನ ಮಾತಲ್ಲ, ಇಡೀ ಜಿಲ್ಲೆಯ ಸರಾಸರಿ. ಸ್ವರ್ಣಾ, ಸೀತಾ ನದಿಗಳು ದಡ ಮೀರಿದವು; ಉಡುಪಿ, ಬ್ರಹ್ಮಾವರ ಭಾಗದ ತಗ್ಗುಪ್ರದೇಶದ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅದು ಉತ್ತರಾ ನಕ್ಷತ್ರದ ಮಳೆ. ಮಳೆಗಾಲ ಮುಗಿಯುತ್ತಾ ಬಂತೆಂದು ರೈತರು ಗದ್ದೆಯ ತೆನೆ ನೋಡುತ್ತಿದ್ದ ಹೊತ್ತು. ಎರಡು ವರ್ಷದ ಬಳಿಕ, 2022ರ ಆಗಸ್ಟ್ ಮೊದಲ ವಾರ, ಪುಷ್ಯ ಮಳೆಯ ಕೊನೆಯಲ್ಲಿ, ಭಟ್ಕಳದಲ್ಲಿ 24 ಗಂಟೆಗಳಲ್ಲಿ 533 ಮಿ.ಮೀ. ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ತಾಲ್ಲೂಕಿನ ಗಡಿ ಮಳೆಗೆ ತಿಳಿಯುವುದಿಲ್ಲ. ಗಡಿಯ ಈಚೆ ಬೈಂದೂರು ತಾಲ್ಲೂಕಿನ ಶಿರೂರಿನಲ್ಲಿ ಮನೆ, ಅಂಗಡಿಗಳಿಗೆ ನೀರು ಹೊಕ್ಕು, ಮೀನುಗಾರರ ದೋಣಿಗಳು ಕೊಚ್ಚಿಹೋದವು. (2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಶಿರೂರು ಬೇರೆ, ಅದು ಅಂಕೋಲಾ ತಾಲ್ಲೂಕಿನದು. ಹೆಸರು ಒಂದೇ ಆದ್ದರಿಂದ ಹೊರಗಿನವರು ಎರಡನ್ನೂ ಬೆರೆಸುತ್ತಾರೆ.)

ಎರಡೂ ಸಲ ನಾವು ಕೇಳಿದ ಮಾತು ಒಂದೇ: ‘ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ, ಯಾರೂ ಏನೂ ಮಾಡುವಂತಿರಲಿಲ್ಲ.’ ಸಭೆಗಳಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಕೊಚ್ಚಿಹೋದ ಮೋರಿಯ ಪಕ್ಕದಲ್ಲಿ ನಿಂತವರೂ ಹೇಳಿದರು. ಈ ನೂರು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ.

ಅದು ಬರುವ ದಾರಿ ಹೀಗಿದೆ. ಒಂದು ಮಳೆಮಾಪನ ಕೇಂದ್ರದ ದಾಖಲೆ ಪುಸ್ತಕ ತೆಗೆದುಕೊಳ್ಳಿ. ಪ್ರತಿ ವರ್ಷದ ಅತ್ಯಂತ ದೊಡ್ಡ ಒಂದು ದಿನದ ಮಳೆಯನ್ನು ಮಾತ್ರ ಆರಿಸಿ ಬರೆಯಿರಿ. ಮೂವತ್ತು ವರ್ಷದ ದಾಖಲೆಯಿದ್ದರೆ ಮೂವತ್ತು ಅಂಕೆಗಳು ಸಿಗುತ್ತವೆ. ಇದಕ್ಕೆ ವಾರ್ಷಿಕ ಗರಿಷ್ಠ ಶ್ರೇಣಿ ಎಂದು ಹೆಸರು. ಈಗ ಅವನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಜೋಡಿಸಿ, ಕ್ರಮಸಂಖ್ಯೆ ಹಾಕಿ. ವರ್ಷಗಳ ಸಂಖ್ಯೆಗೆ ಒಂದನ್ನು ಕೂಡಿ ಕ್ರಮಸಂಖ್ಯೆಯಿಂದ ಭಾಗಿಸಿದರೆ ಆ ಮಳೆಯ ಪುನರಾವರ್ತನಾ ಅವಧಿ ದೊರೆಯುತ್ತದೆ. ಮೊದಲನೆಯದಕ್ಕೆ 31 ವರ್ಷ, ಎರಡನೆಯದಕ್ಕೆ ಹದಿನೈದೂವರೆ, ಮೂರನೆಯದಕ್ಕೆ ಹತ್ತು ವರ್ಷ ಮತ್ತು ಚಿಲ್ಲರೆ. ಸ್ವೀಡನ್ನಿನ ಎಂಜಿನಿಯರ್ ವೈಬುಲ್ ಅವರ ಹೆಸರಿನಲ್ಲಿ ನಡೆದುಬಂದಿರುವ ಸೂತ್ರ ಇದು. ಶಾಲೆಯ ಮಗುವೂ ಮಾಡಬಹುದು.

ಆದರೆ ಮೂವತ್ತು ವರ್ಷದ ಪುಸ್ತಕದಿಂದ ನೂರು ವರ್ಷದ ಮಳೆಯನ್ನು ಕಾಣುವುದು ಹೇಗೆ? ಪುಸ್ತಕ ಮುಗಿದಲ್ಲಿಂದ ಮುಂದಕ್ಕೆ ಗೆರೆ ಎಳೆಯಬೇಕು. ಆ ಗೆರೆಯ ವಕ್ರತೆ ಹೇಗಿರಬೇಕೆಂದು ಹೇಳುವ ಸೂತ್ರಗಳಲ್ಲಿ ನಮ್ಮ ದೇಶದ ಎಂಜಿನಿಯರುಗಳು ಹೆಚ್ಚು ಬಳಸುವುದು ಗುಂಬೆಲ್ ವಿತರಣೆಯನ್ನು. ಎಮಿಲ್ ಗುಂಬೆಲ್ ಜರ್ಮನಿಯ ಗಣಿತಜ್ಞ. ಮೊದಲ ಮಹಾಯುದ್ಧದ ಬಳಿಕ ತನ್ನ ದೇಶದಲ್ಲಿ ನಡೆದ ರಾಜಕೀಯ ಕೊಲೆಗಳನ್ನು ಎಣಿಸಿ, ಯಾವ ಪಕ್ಷದವರು ಕೊಂದರೆ ಎಷ್ಟು ಶಿಕ್ಷೆಯಾಯಿತೆಂದು ಪಟ್ಟಿ ಮಾಡಿ 1922ರಲ್ಲಿ ಪ್ರಕಟಿಸಿದವರು. 1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು, ಫ್ರಾನ್ಸಿಗೆ ಹೋದರು, ಅಲ್ಲಿಂದ ಅಮೆರಿಕಕ್ಕೆ. ನೆರೆಯ ಪುನರಾವರ್ತನೆಯ ಕುರಿತ ಅವರ ಪ್ರಬಂಧ ಬಂದದ್ದು 1941ರಲ್ಲಿ. ಅತಿರೇಕಗಳ ಸಂಖ್ಯಾಶಾಸ್ತ್ರದ ಗ್ರಂಥ 1958ರಲ್ಲಿ. ಅಧಿಕಾರದಲ್ಲಿದ್ದವರು ಎಣಿಸಲು ಬಯಸದ ಸಂಗತಿಗಳನ್ನು ಎಣಿಸಿದ ಮನುಷ್ಯನ ಸೂತ್ರ ಇಂದು ನಮ್ಮೂರಿನ ಮೋರಿಯ ಅಗಲವನ್ನು ತೀರ್ಮಾನಿಸುತ್ತಿದೆ ಎಂಬುದು ಈ ಸಂಪಾದಕನಿಗೆ ಏಕೋ ಸಮಾಧಾನ ಕೊಡುವ ವಿಷಯ.

ಗುಂಬೆಲ್ ಸೂತ್ರಕ್ಕೆ ಬೇಕಾದದ್ದು ಎರಡೇ ಅಂಕೆ: ಆ ಶ್ರೇಣಿಯ ಸರಾಸರಿ ಮತ್ತು ಮಾನಕ ವಿಚಲನೆ. ಮಾನಕ ವಿಚಲನೆಯೆಂದರೆ ವರ್ಷದಿಂದ ವರ್ಷಕ್ಕೆ ಅಂಕೆಗಳು ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತವೆ ಎಂಬುದರ ಅಳತೆ. ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತ. ಲೆಕ್ಕ ಮನದಟ್ಟಾಗಲೆಂದು ಒಂದು ಕಲ್ಪಿತ ಉದಾಹರಣೆ ಕೊಡುತ್ತೇವೆ; ಇದು ಯಾವ ಊರಿನ ದಾಖಲೆಯೂ ಅಲ್ಲ. ಮೂವತ್ತು ವರ್ಷದ ಗರಿಷ್ಠ ಮಳೆಗಳ ಸರಾಸರಿ 200 ಮಿ.ಮೀ., ಮಾನಕ ವಿಚಲನೆ 60 ಮಿ.ಮೀ. ಎಂದುಕೊಳ್ಳಿ. ಹತ್ತು ವರ್ಷದ ಮಳೆಗೆ ಸರಾಸರಿಗೆ ವಿಚಲನೆಯ 1.305 ಪಟ್ಟು ಕೂಡಬೇಕು, 278 ಮಿ.ಮೀ. ಆಗುತ್ತದೆ. ಇಪ್ಪತ್ತೈದು ವರ್ಷಕ್ಕೆ 2.044 ಪಟ್ಟು, 323 ಮಿ.ಮೀ. ನೂರು ವರ್ಷಕ್ಕೆ 3.137 ಪಟ್ಟು, 388 ಮಿ.ಮೀ. ಇಲಾಖೆಯ ಕಡತದಲ್ಲಿ ಈ 388 ಕೂತುಕೊಳ್ಳುತ್ತದೆ.

ಮೂವತ್ತೊಂದನೆಯ ವರ್ಷ ಒಂದು ದಿನ 450 ಮಿ.ಮೀ. ಸುರಿಯಿತು ಎನ್ನಿ. ಹಳೆಯ ಗೆರೆಯ ಪ್ರಕಾರ ಇದು ಸುಮಾರು 370 ವರ್ಷಕ್ಕೊಮ್ಮೆ ಬರುವ ಮಳೆ. ‘ಶಿವಪ್ಪ ನಾಯಕನ ಕಾಲದ ನಂತರ ಇಂಥದು ಬಂದಿಲ್ಲ’ ಎಂದು ಹೇಳಿಕೆ ಕೊಡಬಹುದು. ಈಗ ಆ 450ನ್ನೂ ಪುಸ್ತಕಕ್ಕೆ ಸೇರಿಸಿ ಪುನಃ ಲೆಕ್ಕ ಹಾಕಿ. ಸರಾಸರಿ 208 ಆಗುತ್ತದೆ, ವಿಚಲನೆ 74ಕ್ಕೆ ಏರುತ್ತದೆ. ನೂರು ವರ್ಷದ ಮಳೆ 388ರಿಂದ 440ಕ್ಕೆ ಜಿಗಿಯುತ್ತದೆ. ಅದೇ 450 ಮಿ.ಮೀ. ಮಳೆ ಈಗ ಸುಮಾರು 120 ವರ್ಷಕ್ಕೊಮ್ಮೆ ಬರುವಂಥದ್ದಾಗಿ ಇಳಿಯುತ್ತದೆ. ಆಕಾಶದಲ್ಲಿ ಏನೂ ಬದಲಾಗಲಿಲ್ಲ. ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಯಿತು, ಅಷ್ಟೆ. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕೆಂದು ಕೋರುತ್ತೇವೆ. ‘ನೂರು ವರ್ಷದ ಮಳೆ’ ಎಂಬುದು ಕಲ್ಲುಕಂಬದಂತೆ ನಿಂತ ಸತ್ಯವೆಂದು ತಿಳಿದವರಿಗೆ ಈ ಒಂದು ಅಭ್ಯಾಸ ಸಾಕು.

ಇದರಿಂದ ಸಂಖ್ಯಾಶಾಸ್ತ್ರವೇ ಸುಳ್ಳೆಂದು ಯಾರೂ ಹೊರಡಬಾರದು. ಅಂದಾಜು ಮಾಡದೆ ಸೇತುವೆ ಕಟ್ಟಲಾಗದು. ನಮ್ಮ ತಕರಾರು ಇರುವುದು ಅಂದಾಜನ್ನು ಅಂದಾಜೆಂದು ಹೇಳದಿರುವ ಬಗ್ಗೆ. 388 ಎಂದು ಬರೆಯುವ ಬದಲು, ‘ಮೂವತ್ತು ವರ್ಷದ ದಾಖಲೆಯಿಂದ 388, ತಪ್ಪಿದರೆ ಇಷ್ಟು ಮೇಲೆ ಇಷ್ಟು ಕೆಳಗೆ’ ಎಂದು ಬರೆಯುವುದು ಶಾಸ್ತ್ರದ ರೀತಿ. ಆ ‘ಇಷ್ಟು ಮೇಲೆ’ಯನ್ನು ಕಡತ ದಾಟಿ ಊರಿಗೆ ಬಂದದ್ದನ್ನು ನಾವು ಕಂಡಿಲ್ಲ.

ನೂರು ವರ್ಷ ಎಂಬ ಮಾತಿನ ಅರ್ಥವೂ ಜನರಲ್ಲಿ ತಪ್ಪಾಗಿ ನಿಂತಿದೆ. ಈ ವರ್ಷ ಬಂದುಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೇ ಎಂದು ಹಲವರು ನೆಮ್ಮದಿಯಾಗುತ್ತಾರೆ. ಒಂದು ಡಬ್ಬಿಯಲ್ಲಿ ನೂರು ಚೀಟಿ ಹಾಕಿ, ಒಂದರ ಮೇಲೆ ಮಾತ್ರ ಕೆಂಪು ಗುರುತು ಮಾಡಿ. ಪ್ರತಿ ವರ್ಷ ಒಂದು ಚೀಟಿ ಎತ್ತಿ, ನೋಡಿ, ಮತ್ತೆ ಡಬ್ಬಿಗೇ ಹಾಕಿ ಕಲಸಬೇಕು. ಕೆಂಪು ಚೀಟಿ ಕಳೆದ ವರ್ಷ ಬಂದಿತ್ತೆಂದು ಈ ವರ್ಷ ಡಬ್ಬಿಗೆ ನೆನಪಿರುವುದಿಲ್ಲ. ಮನೆ ಕಟ್ಟಿ ಮೂವತ್ತು ವರ್ಷ ಬಾಳಿದರೆ ಆ ಅವಧಿಯಲ್ಲಿ ಒಮ್ಮೆಯಾದರೂ ಕೆಂಪು ಚೀಟಿ ಬರುವ ಸಂಭವ ಶೇ. 26. ಐವತ್ತು ವರ್ಷಕ್ಕೆ ಸುಮಾರು ಶೇ. 40. ಸಣ್ಣ ಮೋರಿಗಳನ್ನು ಸಾಮಾನ್ಯವಾಗಿ ಇಪ್ಪತ್ತೈದು ವರ್ಷದ ಮಳೆಗೆ ವಿನ್ಯಾಸ ಮಾಡುವ ರೂಢಿಯಿದೆ. ಅಂಥ ಮೋರಿ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯಾದರೂ ತನ್ನ ಶಕ್ತಿಗೆ ಮೀರಿದ ನೀರನ್ನು ಕಾಣುವ ಸಂಭವ ಶೇ. 64. ಅಂದರೆ ಅದು ಉಕ್ಕುವುದು ಆಕಸ್ಮಿಕವೇ ಅಲ್ಲ, ಕಟ್ಟುವಾಗಲೇ ಒಪ್ಪಿಕೊಂಡ ಸಂಗತಿ. ಒಪ್ಪಿಕೊಂಡವರು ಮೋರಿಯ ಕೆಳಗಿನ ಮನೆಯವರನ್ನು ಕೇಳಿದ್ದರೇ ಎಂಬುದು ಬೇರೆ ಪ್ರಶ್ನೆ. ಇಂಥ ನೂರು ಮೋರಿಗಳಿರುವ ಸೀಮೆಯಲ್ಲಿ ಸರಾಸರಿ ವರ್ಷಕ್ಕೆ ನಾಲ್ಕು ಉಕ್ಕಬೇಕೆಂದು ಲೆಕ್ಕವೇ ಹೇಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲ್ಲೂಕುಗಳಲ್ಲಿ ಪ್ರತಿ ಮಳೆಗಾಲವೂ ಎಲ್ಲೋ ಒಂದು ಕಡೆ ‘ಹಿಂದೆಂದೂ ಕಾಣದ’ ನೆರೆ ಏಕೆ ಬರುತ್ತದೆ ಎಂದು ಆಶ್ಚರ್ಯಪಡಬೇಕಿಲ್ಲ.

ಇನ್ನು ನಮ್ಮ ಸೀಮೆಯದೇ ಆದ ತೊಡಕುಗಳು. ಕುಂದಾಪುರದ ಮಳೆಮಾಪಕ ಇರುವುದು ಪಂಚಗಂಗಾವಳಿಯ ಅಳಿವೆಯ ಪಕ್ಕದ ಪೇಟೆಯಲ್ಲಿ. ಆ ಅಳಿವೆಗೆ ಬರುವ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ ನದಿಗಳು ನೀರು ತುಂಬಿಕೊಳ್ಳುವುದು ಘಟ್ಟದ ಓರೆಯಲ್ಲಿ. ಕಡಲಿನಿಂದ ಬಂದ ಮೋಡ ಘಟ್ಟಕ್ಕೆ ತಾಗಿ ಮೇಲೇರಿ ಅಲ್ಲೇ ಖಾಲಿಯಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆಯಾದರೆ ವಾರಾಹಿ, ಸೀತೆಯರ ತವರಾದ ಆಗುಂಬೆಯ ಸೀಮೆಯಲ್ಲಿ ಏಳು ಸಾವಿರ ಮೀರುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿ.ಮೀ. ದಾಖಲಾಗಿದೆ, ಕೆಳಗಿನವರ ಒಂದು ವರ್ಷದ ಮಳೆ ಅಲ್ಲಿ ಒಂದು ತಿಂಗಳಲ್ಲಿ ಮುಗಿಯಿತು. ಹೀಗಿರುವಾಗ ಹೊಸಂಗಡಿ, ಅಮಾಸೆಬೈಲು, ಯಡಮೊಗೆ, ಕೊಲ್ಲೂರು ಕಡೆಯ ಹಳ್ಳಗಳಿಗೆ ಕಟ್ಟುವ ಕಾಮಗಾರಿಗೆ ಪೇಟೆಯ ಮಾಪಕದ ಅಂಕೆ ಹಾಕಿದರೆ ಲೆಕ್ಕ ಎಷ್ಟು ಶುದ್ಧವಾಗಿದ್ದರೂ ಉತ್ತರ ತಪ್ಪಾಗಿಯೇ ಬರುತ್ತದೆ.

ಮಳೆಯ ದಿನ ಯಾವಾಗ ಮೊದಲಾಗುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿದು 8.30ಕ್ಕೇ ತೊಡಗುತ್ತದೆ. ನಡುರಾತ್ರಿ ಹಿಡಿದ ಮಳೆ ಸಂಜೆ ಐದಕ್ಕೆ ಬಿಟ್ಟಿತು, ಒಟ್ಟು 340 ಮಿ.ಮೀ. ಎಂದುಕೊಳ್ಳಿ. ಅರ್ಧ ಹಿಂದಿನ ದಿನದ ಲೆಕ್ಕಕ್ಕೆ, ಅರ್ಧ ಮರುದಿನದ ಲೆಕ್ಕಕ್ಕೆ ಹೋಗಿ ಪುಸ್ತಕದಲ್ಲಿ 170, 170 ಎಂದು ನಮೂದಾಗುತ್ತದೆ. 204.5 ಮಿ.ಮೀ. ಮುಟ್ಟಿದರೆ ‘ಅತ್ಯಂತ ಭಾರಿ ಮಳೆ’ ಎಂಬ ವರ್ಗ. ನಮ್ಮ ಈ ಮಳೆ ಆ ವರ್ಗಕ್ಕೆ ಸೇರಲೇ ಇಲ್ಲ. ಹೊಳೆಗೆ ಮಾತ್ರ 340ರ ನೀರು ಬಂತು. ಈ ದೋಷವನ್ನು ಸರಿದೂಗಿಸಲು ಅಂಕೆಯನ್ನು 1.13ರಿಂದ ಗುಣಿಸುವ ಪದ್ಧತಿ ಬಹಳ ಹಿಂದಿನಿಂದ ಇದೆ. ಅದು ಸರಾಸರಿ ತಿದ್ದುಪಡಿ. ಇಂಥ ಒಂದು ಮಳೆಯನ್ನು ಅದು ಸರಿಪಡಿಸದು. ಅಲ್ಲದೆ ಘಟ್ಟದ ಬುಡದ ಕಿರುಹಳ್ಳಕ್ಕೆ ಇಡೀ ದಿನದ ಮಳೆಯ ಲೆಕ್ಕವೇ ಹೊಂದುವುದಿಲ್ಲ. ಅಲ್ಲಿ ನೀರು ತುದಿಯಿಂದ ಬುಡಕ್ಕೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಬೇಕಾದದ್ದು ಗಂಟೆಯ ಮಳೆ. ಗಂಟೆಯ ಮಳೆಯ ದೀರ್ಘ ದಾಖಲೆ ನಮ್ಮ ಕಾಡಂಚಿನಲ್ಲಿ ಇಲ್ಲ. ದಿನದ ಮಳೆಯಿಂದ ಅದನ್ನು ಒಂದು ನಿಷ್ಪತ್ತಿ ಹಿಡಿದು ಇಳಿಸಿಕೊಳ್ಳುತ್ತಾರೆ. ಕೇಂದ್ರ ಜಲ ಆಯೋಗ ಕೊಂಕಣ ಮತ್ತು ಮಲಬಾರ್ ಕರಾವಳಿಗೆಂದು 1992ರಲ್ಲಿ ಹೊರತಂದ ನೆರೆ ಅಂದಾಜಿನ ವರದಿಯಲ್ಲಿ 25, 50, 100 ವರ್ಷದ ಮಳೆಯ ನಕ್ಷೆಗಳಿವೆ. ಒಳ್ಳೆಯ ಕೆಲಸವೇ. ಆದರೆ 2020, 2022 ಆ ಪುಸ್ತಕದೊಳಗೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕನ್ನು ಮಳೆ ಅಳೆಯುವವರೇ ಬಲ್ಲರು. ಅತಿ ದೊಡ್ಡ ಮಳೆಯ ದಿನವೇ ದಾಖಲೆ ತಪ್ಪುತ್ತದೆ. ಮಾಪಕ ತುಂಬಿ ಚೆಲ್ಲುತ್ತದೆ, ದಾರಿಯ ಮೇಲೆ ನೀರು ನಿಂತು ಅಳೆಯುವವರು ಹೋಗಲಾಗುವುದಿಲ್ಲ, ಯಂತ್ರವಾದರೆ ಸಂಪರ್ಕ ಕಡಿದುಹೋಗುತ್ತದೆ. ಆ ಜಾಗ ಖಾಲಿ ಉಳಿಯುತ್ತದೆ. ಸರಾಸರಿ ತೆಗೆಯುವವರಿಗೆ ಒಂದು ಖಾಲಿ ಮನೆ ದೊಡ್ಡ ನಷ್ಟವಲ್ಲ. ಗರಿಷ್ಠವನ್ನು ಹುಡುಕುವವರಿಗೆ ಹುಡುಕುತ್ತಿದ್ದ ವಸ್ತುವೇ ಕಾಣೆ.

ಮಳೆ ಲೆಕ್ಕ ಸರಿಯಾದ ಮೇಲೂ ನೆರೆಯ ಲೆಕ್ಕ ಉಳಿದಿರುತ್ತದೆ. ಐವತ್ತು ವರ್ಷದ ಮಳೆ ಐವತ್ತು ವರ್ಷದ ನೆರೆಯನ್ನೇ ತರಬೇಕೆಂದಿಲ್ಲ. ಮರವಂತೆಯಲ್ಲಿ ಸೌಪರ್ಣಿಕೆ ಕಡಲಿನ ಮಗ್ಗುಲಿಗೆ ಬಂದು, ಹೆದ್ದಾರಿಯ ಅಗಲದಷ್ಟೇ ದೂರದಿಂದ ಮುಖ ತಿರುಗಿಸಿ, ಗಂಗೊಳ್ಳಿಯವರೆಗೆ ಸುತ್ತುಹಾಕಿ ಸಮುದ್ರ ಸೇರುತ್ತಾಳೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ ಘಟ್ಟದ ನೀರು ಬಂದರೆ ಅಳಿವೆಯ ಬಾಗಿಲು ಮುಚ್ಚಿದಂತೆಯೇ. ನಾವುಂದ, ಬಡಾಕೆರೆ, ನಾಡಾ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಮಳೆ ಇಳಿತದ ಹೊತ್ತಿನಲ್ಲಿ ಬಂದಿದ್ದರೆ ಗದ್ದೆಯ ಅಂಚು ಮುಟ್ಟಿ ಹೋಗುತ್ತಿತ್ತು. ವಾರಾಹಿಯ ಮೇಲ್ದಂಡೆಯಲ್ಲಿ ಮಾಣಿ ಅಣೆಕಟ್ಟು ಇದೆ. ಜಲಾಶಯ ಅರ್ಧ ಇರುವಾಗ ಬಂದ ಮಳೆಯನ್ನು ಅದು ನುಂಗಿಕೊಳ್ಳಬಲ್ಲದು. ತುಂಬಿರುವಾಗ ಬಂದದ್ದನ್ನು ಹೊರಗೆ ಬಿಡಲೇಬೇಕು. ಹಾಗಾಗಿ ಆಷಾಢದ 300 ಮಿ.ಮೀ. ಮತ್ತು ಭಾದ್ರಪದದ 300 ಮಿ.ಮೀ. ಕೆಳಗಿನ ಊರುಗಳಿಗೆ ಒಂದೇ ಆಗಲಾರವು.

ನೆಲವೂ ಬದಲಾಗಿದೆ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಕಂದಾಯ ದಾಖಲೆಗೂ ಆ ಮಾತುಗಳು ಹೋಗಿವೆ. ಬೆಳೆಗೆ ನೀರು ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ಮಾಡಿದ ವಿಂಗಡಣೆ ಅದು. ಆದರೆ ನೆರೆ ಎಲ್ಲಿಯವರೆಗೆ ಬರುತ್ತದೆ ಎಂಬ ಅನುಭವವೂ ಅದರೊಳಗೆ ಸೇರಿಕೊಂಡಿದೆ. ಬೈಲು ಹೊಳೆಯ ಪಾಲು, ಮನೆ ಬೆಟ್ಟಿನ ಅಂಚಿಗೆ. ಯಾವ ಸಂಖ್ಯಾಶಾಸ್ತ್ರವನ್ನೂ ಓದದೆ ನೂರಾರು ಮಳೆಗಾಲ ನೋಡಿ ಮಾಡಿದ ವ್ಯವಸ್ಥೆ. ಈಗ ಬೈಲುಗದ್ದೆಗೆ ಕೆಂಪು ಮುರಕಲ್ಲು ಮಣ್ಣು ತುಂಬಿಸಿ ಮನೆ, ಕಲ್ಯಾಣಮಂಟಪ, ಪೆಟ್ರೋಲ್ ಬಂಕ್ ಎದ್ದಿವೆ. ಹೆದ್ದಾರಿಯ ಏರಿ ಮತ್ತು ರೈಲಿನ ಏರಿ ಎರಡೂ ಉತ್ತರ ದಕ್ಷಿಣವಾಗಿ ಹಾದಿವೆ. ನೀರು ಮಾತ್ರ ಪೂರ್ವದಿಂದ ಪಶ್ಚಿಮಕ್ಕೇ ಹೋಗಬೇಕು. ಹಾಡಿ, ಹಕ್ಕಲುಗಳು ಹೋಗಿ ಇಂಟರ್‌ಲಾಕ್ ಅಂಗಳಗಳು ಬಂದಿವೆ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗೆ ಮೊದಲು ತೆಗೆಯದಿದ್ದರೆ, ಅಥವಾ ತೆಗೆದರೂ ಕಿಂಡಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ, ಹತ್ತು ವರ್ಷದ ಮಳೆಯೂ ನೂರು ವರ್ಷದ ನೆರೆಯಾಗುತ್ತದೆ. ಆಗ ಮಳೆಯನ್ನು ದೂರುವುದು ಸುಲಭ.

ಹವಾಮಾನ ಬದಲಾವಣೆಯ ಮಾತು ಬಾರದೆ ಈ ಚರ್ಚೆ ಮುಗಿಯದು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರ. ಮಧ್ಯಭಾರತದಲ್ಲಿ ಭಾರಿ ಮಳೆಯ ಘಟನೆಗಳು ಹೆಚ್ಚಿವೆಯೆಂದು ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. 1950ರಿಂದ 2015ರ ನಡುವೆ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿ ಅಲ್ಲಿ ಮೂರು ಪಟ್ಟಾಗಿದೆಯೆಂದು ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಬರೆದರು. ಅದು ಮಧ್ಯಭಾರತದ ಮಾತು. ಅದನ್ನು ಹಾಗೆಯೇ ತಂದು ಸೀತಾನದಿಗೆ ಅಂಟಿಸುವುದನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆದರೆ ಒಂದು ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಗುಂಬೆಲ್ ಲೆಕ್ಕದ ತಳಹದಿಯೇ, ನಿನ್ನೆಯ ಡಬ್ಬಿ ಮತ್ತು ನಾಳೆಯ ಡಬ್ಬಿ ಒಂದೇ, ಚೀಟಿಗಳ ಸಂಖ್ಯೆ ಬದಲಾಗುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆ ಸತ್ತಿದೆಯೆಂದು ಜಲವಿಜ್ಞಾನಿಗಳ ಒಂದು ತಂಡ 2008ರಲ್ಲೇ ಘೋಷಿಸಿತು. ಡಬ್ಬಿಗೆ ಯಾರೋ ಕೆಂಪು ಚೀಟಿ ಸೇರಿಸುತ್ತಿದ್ದರೆ ಹಳೆಯ ಪುಸ್ತಕ ಎಷ್ಟು ಉದ್ದವಿದ್ದರೂ ಮುಂದಿನದನ್ನು ಪೂರ್ತಿ ಹೇಳಲಾರದು. ಆದರೂ ಹಳೆಯ ಪುಸ್ತಕವಿಲ್ಲದೆ ಚೀಟಿ ಸೇರಿದೆಯೇ ಎಂಬುದನ್ನು ತಿಳಿಯುವ ದಾರಿಯೇ ಇಲ್ಲ.

ಹವಾಮಾನ ಬದಲಾವಣೆ ಎಂಬ ಪದ ಈಚೆಗೆ ‘ನೂರು ವರ್ಷಕ್ಕೊಮ್ಮೆ’ಯ ತಮ್ಮನಾಗಿಬಿಟ್ಟಿದೆ ಎಂಬುದನ್ನೂ ಹೇಳಬೇಕು. ಕಿರಿದಾದ ಮೋರಿ ಕಟ್ಟಿದವರೂ ಅದನ್ನೇ ಹೇಳುತ್ತಾರೆ, ಬೈಲು ತುಂಬಿಸಲು ಪರವಾನಗಿ ಕೊಟ್ಟವರೂ ಅದನ್ನೇ ಹೇಳುತ್ತಾರೆ.

ನಾವು ಕೇಳುವುದು ಹೆಚ್ಚಿನದೇನಲ್ಲ. ಪ್ರತಿ ಸೇತುವೆಗೂ ಒಂದು ಶಿಲಾಫಲಕವಿದೆ. ಉದ್ಘಾಟಿಸಿದ ಸಚಿವರ ಹೆಸರು, ಉಪಸ್ಥಿತರಿದ್ದವರ ಹೆಸರು, ವೆಚ್ಚ ಎಲ್ಲವೂ ಅದರಲ್ಲಿವೆ. ಅದರ ಕೆಳಗೆ ಎರಡು ಸಾಲು ಕೆತ್ತಲು ಜಾಗವಿದೆ: ಈ ಸೇತುವೆ ಎಷ್ಟು ವರ್ಷದ ಮಳೆಗೆ ಕಟ್ಟಿದ್ದು, ಆ ಲೆಕ್ಕಕ್ಕೆ ಬಳಸಿದ ಮಳೆ ಯಾವ ಕೇಂದ್ರದ್ದು, ಎಷ್ಟು ವರ್ಷದ್ದು. ಹೊಸ ಕಾಮಗಾರಿಯಾದರೆ ಅಂದಾಜುಪಟ್ಟಿಯ ಜೊತೆಗೆ ನೆರೆಯ ಲೆಕ್ಕದ ಹಾಳೆಯನ್ನೂ ಗ್ರಾಮಸಭೆಯಲ್ಲಿ ಓದಿಹೇಳಲಿ. ಹಳೆಯದಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಆ ಹಾಳೆಯ ಪ್ರತಿ ಕೇಳಬಹುದು. ಕೇಳುವಾಗ ‘ವಿನ್ಯಾಸ ನೆರೆಪ್ರಮಾಣದ ಲೆಕ್ಕ ಮತ್ತು ಅದಕ್ಕೆ ಬಳಸಿದ ಮಳೆ ದತ್ತಾಂಶ’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೀ ‘ಮಾಹಿತಿ’ ಎಂದರೆ ಬಿಲ್ಲುಗಳ ಪ್ರತಿ ಬರುತ್ತದೆ.

ಉಳಿದ ಅರ್ಧ ಕೆಲಸ ನಮ್ಮದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಘಟ್ಟದ ಬುಡದ ಮಳೆ ಇಷ್ಟು ದಟ್ಟವಾಗಿ ಹಿಂದೆಂದೂ ದಾಖಲಾಗಿರಲಿಲ್ಲ. ಅವುಗಳ ವಯಸ್ಸು ಮಾತ್ರ ಇನ್ನೂ ಚಿಕ್ಕದು. ಅಕ್ಕಪಕ್ಕದ ಹಲವು ಕೇಂದ್ರಗಳ ದಾಖಲೆಯನ್ನು ಒಟ್ಟುಗೂಡಿಸಿ, ವರ್ಷಗಳ ಕೊರತೆಯನ್ನು ಜಾಗಗಳಿಂದ ತುಂಬಿಕೊಳ್ಳುವ ಪ್ರಾದೇಶಿಕ ವಿಶ್ಲೇಷಣೆ ಎಂಬ ವಿಧಾನವಿದೆ. ಗುಡ್ಡದ ಕೇಂದ್ರವನ್ನು ಕಡಲ ಕೇಂದ್ರದೊಡನೆ ಬೆರೆಸದೆ ಮಾಡಿದರೆ ಅದು ಫಲ ಕೊಡುತ್ತದೆ. ಇದರ ಪಕ್ಕದಲ್ಲಿ ಇಡಬೇಕಾದದ್ದು ನಮ್ಮ ಕೃಷಿಕರ ದಿನಚರಿಗಳು. ಉಡುಪಿ, ದಕ್ಷಿಣ ಕನ್ನಡದ ಹಲವು ಅಡಿಕೆ ಬೆಳೆಗಾರರು ದಶಕಗಳಿಂದ ಅಂಗಳದ ಮಳೆಯನ್ನು ಅಳೆದು ಬರೆದಿಟ್ಟಿದ್ದಾರೆ. ಔಷಧಿ ಹೊಡೆಯಲು ಬಿಸಿಲು ಯಾವಾಗ ಸಿಕ್ಕಿತೆಂದು ನೋಡಲು ಬರೆದದ್ದು. ಅದರಲ್ಲಿ ವಾರ್ಷಿಕ ಗರಿಷ್ಠವೂ ಇದೆ. ಹಳೆಯ ಡೈರಿಗಳನ್ನು ಗೆದ್ದಲಿಗೆ ಬಿಡಬೇಡಿ. ನೆರೆಯ ಮಟ್ಟದ ಗುರುತೂ ಅಷ್ಟೇ ಬೆಲೆಯುಳ್ಳದ್ದು. ನೇತ್ರಾವತಿಯ ದಂಡೆಯ ಬಂಟ್ವಾಳದವರು 1923ರ ನೆರೆಯನ್ನೂ 1974ರ ನೆರೆಯನ್ನೂ ಇಂದಿಗೂ ವರ್ಷ ಹಿಡಿದು ಹೇಳುತ್ತಾರೆ. ಮಾಪಕ ಹುಟ್ಟುವ ಮೊದಲಿನ ಅಂಥ ಒಂದು ಗುರುತು ಸಿಕ್ಕಿದರೂ ಮೂವತ್ತು ವರ್ಷದ ಪುಸ್ತಕ ನೂರು ವರ್ಷದ್ದಾಗುವ ದಾರಿ ಸಂಖ್ಯಾಶಾಸ್ತ್ರದಲ್ಲಿದೆ.

ಆದ್ದರಿಂದ ಬರುವ ಮಳೆಗಾಲಕ್ಕೆ ಓದುಗರಲ್ಲಿ ಒಂದು ವಿನಂತಿ. ನೇರ ಗೋಡೆಯ ಡಬ್ಬಿಯೊಂದನ್ನು ಮರದ ನೆರಳು, ಮಾಡಿನ ಹನಿ ಬೀಳದ ಕಡೆ ಇರಿಸಿ. ಬೆಳಿಗ್ಗೆ 8.30ಕ್ಕೆ ನೀರಿನ ಆಳವನ್ನು ಮಿ.ಮೀ. ಲೆಕ್ಕದಲ್ಲಿ ಅಳೆದು ಬರೆಯಿರಿ. ಮಳೆ ಜೋರಾಗಿದ್ದರೆ ಡಬ್ಬಿ ತುಂಬುವ ಮೊದಲೇ ಅಳೆದು, ಗಂಟೆಯನ್ನೂ ನಮೂದಿಸಿ, ಚೆಲ್ಲಿ ಮತ್ತೆ ಇಡಿ. ಮಳೆ ಇಲ್ಲದ ದಿನ ಸೊನ್ನೆ ಹಾಕಿ, ಅಳೆಯಲಾಗದ ದಿನ ಗೆರೆ ಎಳೆಯಿರಿ. ಎರಡೂ ಒಂದೇ ಅಲ್ಲ. ಹೊಳೆ ಅಂಗಳಕ್ಕೆ ಬಂದರೆ ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಗೆರೆ ಒಣಗುವ ಮೊದಲೇ ಅದರ ಮೇಲೆ ಬಣ್ಣದ ಗೆರೆ ಎಳೆದು ತಾರೀಕು, ಹೊತ್ತು, ಆಗ ಉಬ್ಬರವೋ ಇಳಿತವೋ ಎಂಬುದನ್ನು ಬರೆಯಿರಿ. ಶಾಲೆಯ ಗೋಡೆಯಾದರೆ ಒಳ್ಳೆಯದು, ಅದು ಎಲ್ಲರಿಗೂ ಕಾಣುತ್ತದೆ. ಸುಣ್ಣ ಬಳಿಯುವಾಗ ಆ ಗೆರೆಯನ್ನು ಬಿಟ್ಟು ಬಳಿಯುವಂತೆ ಮುಖ್ಯೋಪಾಧ್ಯಾಯರಿಗೆ ಹೇಳಿಡಿ. ದೀಪಾವಳಿಯೊಳಗೆ ಅವನ್ನೆಲ್ಲ ನಮ್ಮ ಬಳಗಕ್ಕೆ ತಲುಪಿಸಿದರೆ ಕಾಲೇಜಿನ ವಿದ್ಯಾರ್ಥಿಗಳೊಡನೆ ಕುಳಿತು ಇಳಿಜೋಡಣೆ ಮಾಡಿ, ಹೊಳೆವಾರು ಪಟ್ಟಿಯನ್ನು ಇದೇ ಪುಟಗಳಲ್ಲಿ ಅಚ್ಚುಹಾಕುತ್ತೇವೆ.